ಅಜ್ಜಿಯ ಅಜ್ಜ ಬಾಸೆಲ್ ಮಿಶನ್‌ನ ಜರ್ಮನ್: ಎಲ್ಲಿಂದ ಹುಡುಕಲಿ?

ಜೆಪ್ಪು_ಮನೆ:
ನಮಸ್ಕಾರ. ನಮ್ಮ ಅಜ್ಜಿಯ ಅಜ್ಜ ಜರ್ಮನಿಯವರಂತೆ. ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಶನರಿ ಸಂಸ್ಥೆ) ಜೊತೆ ಮಂಗಳೂರಿಗೆ ಬಂದು ಹೆಂಚಿನ ಕಾರ್ಖಾನೆಯಲ್ಲಿದ್ದರು, ಇಲ್ಲಿಯವರನ್ನೇ ಮದುವೆಯಾದರು ಅಂತ ಅಜ್ಜಿ ಹೇಳುತ್ತಿದ್ದರು. ನಮ್ಮ ಹತ್ತಿರ ಇರುವುದು ಅವರ ಮನೆತನದ ಹೆಸರು, ಮತ್ತೆ ಹಳೇ ಮನೆ ಕೆಡವುವಾಗ ತೆಗೆದಿಟ್ಟ ಒಂದು ಹೆಂಚು, ಅಷ್ಟೇ. ಅದರ ಮೇಲೆ ಮಿಶನ್ ಹೆಸರಿನ ಜೊತೆ 1865 ಅಂತಿದೆ. ಅದೇ ವರ್ಷ ಬಂದಿರಬಹುದಾ? ಅವರ ಊರು ಯಾವುದು, ಅಪ್ಪ ಅಮ್ಮ ಯಾರು, ತೀರಿಕೊಂಡದ್ದು ಎಲ್ಲಿ, ಒಂದೂ ಗೊತ್ತಿಲ್ಲ. ಅಮ್ಮನಿಗೆ ವಯಸ್ಸಾಗಿದೆ, ಅವರಿಗೆ ಹೇಳುವಷ್ಟಾದರೂ ತಿಳಿಯಬೇಕು.

ಬಲ್ಮಠದವ:
1865 ಕಾರ್ಖಾನೆ ಶುರುವಾದ ವರ್ಷ, ಮಿಶನ್‌ನ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ್ದು. ಆಮೇಲಿನ ಹೆಂಚುಗಳ ಮೇಲೂ ಅದೇ ಇಸವಿ ಒತ್ತುತ್ತಿದ್ದರು, ಅದನ್ನು ಹಿಡಿದು ಕಾಲ ಹೇಳಕ್ಕಾಗಲ್ಲ. ಮೊದಲು ಬಾಸೆಲ್‌ಗೆ ಬರೆಯಿರಿ. ಮಿಶನ್‌ನ ಹಳೇ ದಾಖಲೆಗಳೆಲ್ಲ ಈಗ ಅಲ್ಲಿ ಮಿಶನ್ 21 ಸಂಸ್ಥೆಯ ಹತ್ತಿರ ಇವೆ. ಅಲ್ಲಿಂದ ಕಳಿಸಿದವರದ್ದೆಲ್ಲ ನಂಬರ್ ಹಾಕಿದ ಪಟ್ಟಿ ಇದೆ. ಮಿಶನ್‌ನ ತರಬೇತಿಗೆ ಅರ್ಜಿ ಹಾಕುವಾಗ ಪ್ರತಿಯೊಬ್ಬರೂ ತಮ್ಮ ಬದುಕಿನ ಕಥೆಯನ್ನು ಕೈಯಾರೆ ಬರೆದು ಕೊಡಬೇಕಿತ್ತು, ಅದು ಸಿಕ್ಕರೆ ಹುಟ್ಟೂರು, ಅಪ್ಪನ ಕಸುಬು, ಕಲಿತ ಕೆಲಸ ಎಲ್ಲ ಅವರದೇ ಅಕ್ಷರದಲ್ಲಿ ಓದಬಹುದು! ಇಲ್ಲಿ ಮಂಗಳೂರಿನ ಬಲ್ಮಠದ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವನ್ನೂ ಬಿಡಬೇಡಿ.

ಹುಬ್ಬಳ್ಳಿ_ಅಕ್ಕ:
ಮದುವೆಯ ಎಳೆ ಹಿಡಿಯಿರಿ, ಅದೇ ಗಟ್ಟಿ. ಮಿಶನರಿಗಳು ಮದುವೆಗೆ ಬಾಸೆಲ್ ಸಮಿತಿಯ ಒಪ್ಪಿಗೆ ಕೇಳಬೇಕಿತ್ತು, ಎಷ್ಟೋ ಜನರಿಗೆ ವಧುಗಳು ಅಲ್ಲಿಂದಲೇ ಹಡಗು ಹತ್ತಿ ಬರುತ್ತಿದ್ದರು. ಇಲ್ಲಿಯವರನ್ನು ಮದುವೆಯಾಗಿದ್ದರೆ ಅದರ ಬಗ್ಗೆ ಪತ್ರ ಓಡಾಡಿರಬೇಕು. ಮಕ್ಕಳ ದೀಕ್ಷಾಸ್ನಾನ ಆದ ಚರ್ಚಿನ ರಿಜಿಸ್ಟರ್ ಕೂಡ ನೋಡಿ. ಮಂಗಳೂರು ಆಗ ಮದ್ರಾಸ್ ಪ್ರೆಸಿಡೆನ್ಸಿ, ಹಾಗಾಗಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಆಗಿನ ದೀಕ್ಷಾಸ್ನಾನ, ಮದುವೆಗಳ ದಾಖಲೆ ಹುಡುಕುವಾಗ ಮದ್ರಾಸ್ ವಿಭಾಗದಲ್ಲಿ ನೋಡಬೇಕು. ಎಲ್ಲರದ್ದೂ ಅಲ್ಲಿರಲ್ಲ. ಮನೆತನದ ಹೆಸರು ಜರ್ಮನ್ ಥರ ಇದೆ ಅಂತ ಸುಮ್ನೆ ನಂಬಬೇಡಿ, ಕಾಗದ ಸಿಗಲಿ.

ಸ್ಟುಟ್‌ಗಾರ್ಟ್_ಕನ್ನಡಿಗ:
ಮಿಶನ್‌ಗೆ ನಮ್ಮ ಈ ವುರ್ಟೆಂಬರ್ಗ್ (ಸ್ಟುಟ್‌ಗಾರ್ಟ್ ಸುತ್ತಲಿನ ಪ್ರದೇಶ) ಕಡೆಯಿಂದ ಹೋದವರೇ ಜಾಸ್ತಿ. ನಿಮ್ಮವರೂ ಇಲ್ಲಿಯವರಾದರೆ ಕೆಲಸ ಹಗುರ. 1808ರಿಂದ ಇಲ್ಲಿನ ಚರ್ಚುಗಳು ಕುಟುಂಬಕ್ಕೊಂದು ಪುಟ ಇಟ್ಟಿವೆ: ಗಂಡ, ಹೆಂಡತಿ, ಅವರ ಅಪ್ಪ ಅಮ್ಮ, ಕೆಳಗೆ ಮಕ್ಕಳೆಲ್ಲರ ಹೆಸರು, ಊರು ಬಿಟ್ಟು ಹೋದವರಾದರೆ ಪಕ್ಕದಲ್ಲಿ ಅದರ ಟಿಪ್ಪಣಿಯೂ ಇರಬಹುದು. ಆರ್ಕಿಯಾನ್ ಅನ್ನುವ, ಜರ್ಮನ್ ಚರ್ಚ್ ದಾಖಲೆಗಳ ಜಾಲತಾಣದಲ್ಲಿ ದುಡ್ಡು ಕಟ್ಟಿ ನೋಡಬಹುದು. ಆದರೆ ಊರಿನ ಹೆಸರು ಗೊತ್ತಿರಲೇಬೇಕು, ಅದಕ್ಕೇ ಬಾಸೆಲ್ ಮೊದಲು. ಅಕ್ಷರ ಹಳೇ ಜರ್ಮನ್ ಕೈಬರಹದ ಕುರೆಂಟ್ ಲಿಪಿ, ಅದರಲ್ಲಿ 'e' ಅಕ್ಷರ 'n' ಥರ ಕಾಣುತ್ತೆ, ಮನೆತನದ ಹೆಸರನ್ನು ಎರಡೂ ಥರ ಬರೆದು ಹುಡುಕಿ.

ಜೆಪ್ಪು_ಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾಸೆಲ್‌ಗೆ ಇವತ್ತೇ ಬರೆಯುತ್ತೇನೆ. ಪುಟ ಸಿಕ್ಕರೆ ಇಲ್ಲಿ ಹಾಕಲಾ, ಓದಿ ಹೇಳುತ್ತೀರಾ?

ಸ್ಟುಟ್‌ಗಾರ್ಟ್_ಕನ್ನಡಿಗ:
ಖಂಡಿತ ಹಾಕಿ. ಮೊಬೈಲ್ ಫೋಟೋ ಬೇಡ, ಸ್ಕ್ಯಾನ್ ಕೇಳಿ ತರಿಸಿ.