200 ಕಿಮೀ ಬಿಆರ್‌ಎಂಗೆ ಮುಂಚೆ ಹುಮನಾಬಾದ್ ಸೈಕಲ್ ರೈಡ್: ಹೋಗಿಬಂದವರು ಸ್ವಲ್ಪ ಹೇಳಿ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯ ಆರು ಜನ. ಜನವರಿ ಕೊನೆಗೆ ಹೈದರಾಬಾದಿನಲ್ಲಿ 200 ಕಿಮೀ ಬಿಆರ್‌ಎಂ (ಕೊಟ್ಟ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ರೈಡ್) ಮಾಡಬೇಕು ಅಂತ ಇದ್ದೇವೆ. ಎಲ್ಲರಿಗೂ ಇದೇ ಮೊದಲು. ಇಲ್ಲಿವರೆಗೆ ಯಾರೂ 70 ಕಿಮೀ ದಾಟಿಲ್ಲ. ಅದಕ್ಕೆ ಎರಡು ವಾರ ಮುಂಚೆ ಒಂದು ಭಾನುವಾರ ಹುಮನಾಬಾದ್‌ಗೆ ಹೋಗಿ ವಾಪಸ್ ಬರೋಣ ಅಂತ ಮಾತಾಗಿದೆ. ಹೆಚ್ಚುಕಡಿಮೆ 125 ಕಿಮೀ ಆಗುತ್ತದೆ. ನಮ್ಮಲ್ಲಿ ಇಬ್ಬರು ತುಂಬಾ ಜೋರು, ಇಬ್ಬರು ನಿಧಾನ. ಒಬ್ಬರ ಅಣ್ಣ ಕಾರು ತಗೊಂಡು ಹಿಂದೆ ಬರುತ್ತೇನೆ ಅಂದಿದ್ದಾರೆ. ಎಷ್ಟು ಗಂಟೆಗೆ ಬಿಡಬೇಕು, ಏನು ತಿನ್ನಬೇಕು, ಕಾರು ಬೇಕಾ ಬೇಡವಾ? ಈ ದಾರಿಯಲ್ಲಿ ಓಡಾಡಿದವರು ದಯವಿಟ್ಟು ಹೇಳಿ.

ಉತ್ತರ, ಕಲಬುರಗಿಯಿಂದ:
ಮೊದಲು ಸಮಯದ ಲೆಕ್ಕ ಹೇಳಿಬಿಡುತ್ತೇನೆ. ನನಗೆ ಇದು ಅರ್ಥವಾದದ್ದು ತಡವಾಗಿ. 200 ಕಿಮೀಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಚಹಾ, ಊಟ, ಪಂಕ್ಚರ್ ಎಲ್ಲ ಅದರೊಳಗೇ. ಗಂಟೆಗೆ 20 ಕಿಮೀ ಹೋದರೆ ತುಳಿಯುವುದಕ್ಕೆ ಹತ್ತು ಗಂಟೆ. ಇನ್ನೂ ಮೂರೂವರೆ ಗಂಟೆ ಕೈಯಲ್ಲಿ ಉಳಿಯಿತು, ಅಲ್ವಾ? ಅದು ರೇಸ್ ಅಲ್ಲ. ಅಲ್ಲಿ ಮೊದಲನೇ ನಂಬರು ಎರಡನೇ ನಂಬರು ಇಲ್ಲ. ಹಾಗಾಗಿ ಹುಮನಾಬಾದ್ ರೈಡ್‌ನಲ್ಲಿ ವೇಗ ನೋಡಬೇಡಿ. ಇಡೀ ದಿನ ನಿಮಗೆ ತಡೆಯುವ ವೇಗ ಯಾವುದು ಅಂತ ನೋಡಿ.

ಎರಡು ವರ್ಷದ ಹಿಂದೆ ಇದೇ ದಾರಿಯಲ್ಲಿ ನಾವು ಎಂಟು ಜನ ಹೊರಟೆವು. ಬೆಳಗಿನ ತಂಪು, ಮೈಯಲ್ಲಿ ಹುರುಪು. ಮುಂದಿದ್ದವರ ಚಕ್ರ ಹಿಡಿದು ಕಮಲಾಪುರದವರೆಗೆ ಗಂಟೆಗೆ 28 ಕಿಮೀ ವೇಗದಲ್ಲಿ ಹೋದೆ. ಇನ್ನೊಬ್ಬರ ಹಿಂದೆ ಇದ್ದಾಗ ಗಾಳಿ ತಾಗುವುದಿಲ್ಲ, ಕಾಲಿಗೆ ಭಾರ ಗೊತ್ತಾಗುವುದಿಲ್ಲ. ಆಮೇಲೆ ಏರು ಬಂತು. ಅವರು ಹೋದರು, ನಾನು ಉಳಿದೆ. ಮುಂದೆ ಕಿಣ್ಣಿ ಸಡಕ್ ಊರು ಮುಟ್ಟುವಷ್ಟರಲ್ಲಿ ಕೈ ನಡುಗುತ್ತಿತ್ತು, ಬೆವರು ತಣ್ಣಗಾಗಿತ್ತು, ತಲೆ ಖಾಲಿ. ಮನೆಯಲ್ಲಿ ಬರೀ ಚಹಾ ಕುಡಿದು ಹೊರಟಿದ್ದೆ. ದಾರಿಯಲ್ಲಿ ತಿಂದದ್ದು ಎರಡು ಬಿಸ್ಕೆಟ್. ಅಲ್ಲಿ ಚಹಾದ ಅಂಗಡಿಯ ಅಜ್ಜ ನನ್ನ ಮುಖ ನೋಡಿ, ಕೇಳದೇನೇ ಒಂದು ಹೆಂಟೆ ಬೆಲ್ಲ ಕೈಗಿಟ್ಟರು. ಕಾಲು ಗಂಟೆಯಲ್ಲಿ ಜೀವ ಬಂತು. ಈಗಲೂ ಆ ಕಡೆ ಹೋದರೆ ಅವರ ಹತ್ತಿರ ನಿಂತು ಚಹಾ ಕುಡಿದೇ ಮುಂದೆ ಹೋಗುತ್ತೇನೆ.

ಈ ದಾರಿಗೆ ಎರಡು ಗುಣ ಇವೆ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ ಕಡೆಯ ನೆಲ 600 ಮೀಟರ್ ದಾಟುತ್ತದೆ. ಅಂದರೆ ಕಪ್ಪು ಮಣ್ಣು ಬಿಟ್ಟು ಕೆಂಪು ಮಣ್ಣಿಗೆ ಹತ್ತುತ್ತಾ ಹೋಗುತ್ತೀರಿ. ಇನ್ನೊಂದು, ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಹುಮನಾಬಾದ್ ಇರುವುದೂ ಅದೇ ದಿಕ್ಕಿಗೆ. ಹೋಗುವಾಗ ಏರು, ಎದುರು ಗಾಳಿ ಎರಡೂ. ಬರುವಾಗ ಎರಡೂ ನಿಮ್ಮ ಕಡೆ. ಹೋಗುವಾಗ ವೇಗ ಕಡಿಮೆ ಅಂತ ಗಾಬರಿಯಾಗಿ ಜೋರು ತುಳಿಯಬೇಡಿ.

ತಿನ್ನುವುದು: ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ ಅರ್ಥ. ಮನೆಯಲ್ಲಿ ಸ್ವಲ್ಪ ಉಪ್ಪಿಟ್ಟೋ ರೊಟ್ಟಿಯೋ ತಿಂದು ಹೊರಡಿ. ಆಮೇಲೆ ಅರ್ಧ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹೋಗಬೇಕು. ಗಂಟೆಗೆ ಎರಡು ಬಾಳೆಹಣ್ಣಿನಷ್ಟು ಅಂತ ಅಂದಾಜು ಇಟ್ಟುಕೊಳ್ಳಿ. ಕಮಲಾಪುರದಲ್ಲಿ ಕೆಂಪು ಬಾಳೆ ಸಿಕ್ಕರೆ ಬಿಡಬೇಡಿ, ಅದು ಆ ಊರಿನದೇ ಹಣ್ಣು, ಹೊಟ್ಟೆಗೂ ಹಿತ. ಜೇಬಿನಲ್ಲಿ ಬೆಲ್ಲ, ಚಿಕ್ಕಿ ಇರಲಿ. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ಮಟ್ಟವಾಗಿ. ಹುಮನಾಬಾದಿನಲ್ಲಿ ಇಡ್ಲಿ ತಿನ್ನಿ. ಮಿರ್ಚಿ ಭಜಿ ಮನೆಗೆ ಬಂದ ಮೇಲೆ.

ಕಾರು ಬೇಡ ಅಂತ ನನ್ನ ಮಾತು. ಬಿಆರ್‌ಎಂನಲ್ಲಿ ಕಂಟ್ರೋಲ್ ಪಾಯಿಂಟ್ (ದಾರಿಯಲ್ಲಿ ಹಾಜರಿ ಹಾಕಿಸುವ ಜಾಗ) ಬಿಟ್ಟು ಬೇರೆಲ್ಲೂ ನಿಮ್ಮವರ ಸಹಾಯ ತಗೊಳ್ಳುವ ಹಾಗಿಲ್ಲ. ಹಿಂದೆ ಕಾರಿದ್ದರೆ ನೀರು, ತಿಂಡಿ, ಟ್ಯೂಬು ಎಲ್ಲ ಅದರೊಳಗೇ ಹೋಗುತ್ತದೆ. ಆ ದಿನ ಯಾವ ಬ್ಯಾಗು, ಯಾವ ಲೈಟು ಇರುತ್ತದೋ ಅದನ್ನೇ ಕಟ್ಟಿಕೊಂಡು ಹೋಗಿ. ಅಣ್ಣನವರು ಮನೆಯಲ್ಲಿ ಫೋನ್ ಹತ್ತಿರ ಇಟ್ಟುಕೊಂಡಿದ್ದರೆ ಸಾಕು.

ಉತ್ತರ, ಬೀದರ್‌ನಿಂದ:
ಮೇಲೆ ಉತ್ತರ ಕೊಟ್ಟ ಅಣ್ಣಾವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಜನವರಿ ಅಂದರೆ ಕಬ್ಬಿನ ಸೀಸನ್. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಹಿಂದೆ ಲೈಟಿಲ್ಲದೆ ಹೋಗುತ್ತಿರುತ್ತವೆ. ಕತ್ತಲಲ್ಲಿ ಹತ್ತಿರ ಬರುವವರೆಗೆ ಕಾಣುವುದಿಲ್ಲ. ಜನವರಿಯಲ್ಲಿ ಸೂರ್ಯ ಬರುವುದೇ ಆರೂಮುಕ್ಕಾಲಿನ ಹೊತ್ತಿಗೆ. ಹೊಸಬರು ಆರು ಗಂಟೆಗೆ ಬಿಡಿ, ಇನ್ನೂ ಬೇಗ ಬೇಡ. ಲೈಟು, ಹೊಳೆಯುವ ಜಾಕೆಟ್ ಇದ್ದರೂ ಒಬ್ಬರ ಹಿಂದೆ ಒಬ್ಬರೇ ಇರಿ. ಮುಂದಿನವರು ಗುಂಡಿ ಕಂಡರೆ ಕೂಗಿ ಹೇಳಬೇಕು, ಕೈಯಲ್ಲೂ ತೋರಿಸಬೇಕು. ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ನಿಮ್ಮ ಮುಂದಿನ ಚಕ್ರ ಸೇರಿಸಬೇಡಿ. ಅವರು ಸ್ವಲ್ಪ ಸರಿದರೂ ಬೀಳುವುದು ನೀವು.

ಪಂಕ್ಚರ್ ಗ್ಯಾರಂಟಿ ಅಂತ ತಿಳಿದು ಹೋಗಿ. ರಸ್ತೆ ಬದಿಗೆ ಎಲ್ಲಿ ನೋಡಿದರೂ ಜಾಲಿ ಮುಳ್ಳು. ಒಬ್ಬೊಬ್ಬರ ಹತ್ತಿರ ಎರಡು ಟ್ಯೂಬ್ ಇರಲಿ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆ ಎಳೆದು ನೋಡಿ. ಮುಳ್ಳಿನ ತುದಿ ಒಳಗೇ ಮುರಿದು ಕೂತಿರುತ್ತದೆ. ನಾನು ಅದನ್ನು ನೋಡದೆ ಹತ್ತು ನಿಮಿಷದಲ್ಲಿ ಎರಡನೇ ಟ್ಯೂಬನ್ನೂ ಕಳಕೊಂಡೆ. ನಿಮ್ಮದು ಸಣ್ಣ ಪ್ರೆಸ್ಟಾ ವಾಲ್ವ್ ಆದರೆ ಪಂಕ್ಚರ್ ಅಂಗಡಿಯ ಹವಾ ಅದಕ್ಕೆ ಕೂಡುವುದಿಲ್ಲ. ಚಿಕ್ಕ ಹಿತ್ತಾಳೆ ಅಡಾಪ್ಟರ್ ಬೇಕು, ವಾಲ್ವಿಗೇ ತಿರುಗಿಸಿ ಇಟ್ಟುಬಿಡಿ.

ಉತ್ತರ, ಕಲಬುರಗಿಯಿಂದ, ಮಹಿಳೆಯೊಬ್ಬರು:
ನಾನು ಗುಂಪಿನಲ್ಲಿ ಯಾವಾಗಲೂ ಕೊನೆಯವಳು. ಮೊದಲನೇ ದೊಡ್ಡ ರೈಡ್‌ನಲ್ಲಿ ಉಳಿದವರು ಮುಂದೆ ಹೋಗಿ ನಿಂತು ಕಾಯುತ್ತಿದ್ದರು. ನಾನು ಮುಟ್ಟಿದ ತಕ್ಷಣ "ಹೋಗೋಣವಾ?" ಅಂತ ಹೊರಡುತ್ತಿದ್ದರು. ಅವರಿಗೆ ಹತ್ತು ನಿಮಿಷ ವಿಶ್ರಾಂತಿ, ನನಗೆ ಒಂದು ನಿಮಿಷವೂ ಇಲ್ಲ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಆದರೆ ನಾನು ಅವತ್ತು ಅತ್ತುಬಿಟ್ಟೆ. ಈಗ ನಮ್ಮ ಗುಂಪಿನಲ್ಲಿ ಒಂದು ನಿಯಮ ಇದೆ. ನಿಂತಲ್ಲಿ ಕೊನೆಯವರು ಬಂದ ಮೇಲೆಯೇ ಗಡಿಯಾರ ಶುರು. ಏರಿನಲ್ಲಿ ನಿಧಾನದವರು ಮುಂದೆ. ಗಾಳಿಗೆ ಎದೆ ಕೊಡುವುದು ಜೋರಿನವರು, ಆದರೆ ಹಿಂದಿನವರ ಉಸಿರು ಕೇಳಿಕೊಂಡು. ಹಿಂದೆ ಒಬ್ಬ ಗಟ್ಟಿ ಸವಾರ ಕಡ್ಡಾಯ.

ಪ್ಯಾಡ್ ಇರುವ ಶಾರ್ಟ್ಸ್ ಕೆಳಗೆ ಒಳಉಡುಪು ಹಾಕಬೇಡಿ, ಹೊಲಿಗೆ ಉಜ್ಜಿ ಗಾಯ ಆಗುತ್ತದೆ. ವ್ಯಾಸಲಿನ್ ಹಚ್ಚಿ. ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ನಿಲ್ಲುವ ಜಾಗ ಪೆಟ್ರೋಲ್ ಬಂಕ್ ಆಗಿರಲಿ. ಶೌಚಾಲಯಕ್ಕೆ ಹೋಗೋದು ಬೇಡ ಅಂತ ನೀರು ಕುಡಿಯದೆ ಇರುವವರನ್ನು ನೋಡಿದ್ದೇನೆ, ಮಧ್ಯಾಹ್ನಕ್ಕೆ ತಲೆನೋವು ಹಿಡಿಯುತ್ತದೆ. ಈ ರೈಡ್ ಆದ ಮೇಲೆ ದೊಡ್ಡದು ಯಾವುದೂ ಬೇಡ, ಕೊನೇ ವಾರ ಸುಮ್ನೆ 20-30 ಕಿಮೀ ಸಾಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಉಳಿದ ಐವರಿಗೂ ಓದಿ ಹೇಳಿದೆ. ಕಾರು ಬೇಡ ಅಂತ ಆಯಿತು. ಆರು ಗಂಟೆಗೆ ಇಲ್ಲೇ ಕಲಬುರಗಿಯ ಹುಮನಾಬಾದ್ ರಿಂಗ್ ರೋಡಿನಲ್ಲಿ ಸೇರುತ್ತೇವೆ. ನಿಧಾನದ ಇಬ್ಬರಲ್ಲಿ ನಾನೂ ಒಬ್ಬ. ಅಕ್ಕಾವರ ಮಾತು ಕೇಳಿ ಜೋರಿನವರಲ್ಲೊಬ್ಬ ತಾನೇ ಹಿಂದೆ ಇರುತ್ತೇನೆ ಅಂದ.

ಕಲಬುರಗಿಯಿಂದ ಮೊದಲು ಉತ್ತರಿಸಿದವರು:
ಹಾಗಾದರೆ ಕಮಲಾಪುರ ದಾಟಿದ ಮೇಲೆ ನೀವೇ ಮುಂದೆ ಹೋಗಿ. ಕಿಣ್ಣಿ ಸಡಕ್‌ನಲ್ಲಿ ಅಜ್ಜನ ಹತ್ತಿರ ಚಹಾ ಕುಡಿಯಿರಿ. ನಾನು ಹೇಳಿ ಕಳಿಸಿದೆ ಅನ್ನಿ.