ಅಪ್‌ಡೇಟ್: ಉಳ್ಳಾಲ, ಸೋಮೇಶ್ವರ ನೋಡಿ ಬಂದ್ವಿ

ಅಮ್ಮ ಮತ್ತು ಮಕ್ಕಳ ಜೊತೆ ಮಂಗಳೂರಿಂದ ಉಳ್ಳಾಲಕ್ಕೆ ಅರ್ಧ ದಿನ ಸಾಕಾ, ಮಕ್ಕಳನ್ನ ನೀರಿಗೆ ಬಿಡಬಹುದಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದ್ವಿ. ಅರ್ಧ ದಿನ ಧಾರಾಳ ಸಾಕು. ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಬಲಕ್ಕೆ ತಿರುಗಿದ್ರಾಯ್ತು.

ಉಳ್ಳಾಲದ ಕಡೆ ಕಡಲ್ಕೊರೆತ ತಡೆಯೋಕೆ ಸುರಿದ ಬಂಡೆಗಳೇ ಕಣ್ಣಿಗೆ ಬೀಳೋದು, ಮನೆಗಳು ಅಷ್ಟು ಹತ್ತಿರ. ನಮಗೆ ಹಿಡಿಸಿದ್ದು ಸೋಮೇಶ್ವರ. ದೇವಸ್ಥಾನ ಕಡಲಂಚಲ್ಲೇ ಇದೆ. ಪಕ್ಕದ ರುದ್ರಪಾದೆ ಅನ್ನೋ ಬಂಡೆಗೆ ಅಲೆ ಅಪ್ಪಳಿಸಿ ನೊರೆ ಮುಖಕ್ಕೇ ಸಿಡಿಯುತ್ತೆ. ಆದ್ರೆ ಕಲ್ಲು ಪಾಚಿಗಟ್ಟಿ ಜಾರುತ್ತೆ, ನೀರಿನ ಸೆಳೆತವೂ ಜೋರು. ನೀವು ಹೇಳಿದ ಹಾಗೆ ಮಕ್ಕಳನ್ನ ಇಳಿಸಲಿಲ್ಲ, ಮರಳಲ್ಲೇ ಆಡಿದ್ರು. ಉಳ್ಳಾಲ ಪೋರ್ಚುಗೀಸರನ್ನ ಎದುರಿಸಿದ ರಾಣಿ ಅಬ್ಬಕ್ಕನ ಊರು ಅಂತ ಅಮ್ಮನಿಗಂತೂ ಒಂದೇ ಸಂಭ್ರಮ (ಕಾಲುನೋವು ಆಗ ನೆನಪಾಗಲಿಲ್ಲ!). ನೀರಾಟವೇ ಬೇಕು ಅನ್ನೋರಿಗೆ ಪಣಂಬೂರು ವಾಸಿ, ಅಲ್ಲಿ ಜೀವರಕ್ಷಕರಿರ್ತಾರೆ.