ಲೆ ಮಾನ್‌ನ ಮಾನ, ಮೇಲೊಂದು ಮಸಾಲೆ ದೋಸೆ

ಭಾನುವಾರ ಬೆಳಗ್ಗೆ ಗಾಂಧಿ ಬಜಾರಿನ ದರ್ಶಿನಿ ಮುಂದೆ ನಿಂತು ಕಾಫಿ ಹೀರುವುದು ನಮ್ಮ ಮೂವರ ಹಳೇ ಚಟ. ನಾನು, ಗಿರೀಶ, ಸೀನ. ಗಿರೀಶ ಸಾಫ್ಟ್‌ವೇರಿನವನು. ಫಾರ್ಮುಲಾ ಒನ್ ರೇಸ್ ಇದ್ದ ಸಂಜೆ ಅವನ ಮನೆಗೆ ಬೀಗರು ಬಂದರೂ ಟಿವಿ ಮುಂದಿನಿಂದ ಏಳುವ ಪೈಕಿ ಅಲ್ಲ. ಸೀನನದು ಜೆ.ಸಿ. ರಸ್ತೆ ಕಡೆ ಗ್ಯಾರೇಜು. ಮೂವತ್ತು ವರ್ಷದಿಂದ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟಿದ ಕೈ. ಓಡುವ ಗಾಡಿ ಕಂಡರೆ ಅವನಿಗೆ ಅಷ್ಟಕ್ಕಷ್ಟೇ, ಕೆಟ್ಟು ನಿಂತ ಗಾಡಿ ಕಂಡರೆ ಪ್ರಾಣ.

ಅವತ್ತು ಗಿರೀಶ ಮೊದಲ ಗುಟುಕಿಗೇ ಶುರು ಹಚ್ಚಿಕೊಂಡ. "ಈಗಿನ ಎಫ್ ಒನ್ ಕಾರನ್ನ ತಗೊಂಡೋಗಿ ಲೆ ಮಾನ್‌ನಲ್ಲಿ ಬಿಟ್ರೆ 24 ಗಂಟೆ ಓಡುತ್ತೆ ಕಣ್ರೋ."

"ಯಾರ ಮಾನ?"

"ಲೆ ಮಾನ್. ಫ್ರಾನ್ಸ್‌ನಲ್ಲಿ ಒಂದೂರು, ಅಲ್ಲೊಂದು ಕಾರ್ ರೇಸ್. ಒಂದು ಸುತ್ತಿಗೆ 13.6 ಕಿಲೋಮೀಟರ್. ಇವತ್ತು ಬಿಟ್ರೆ ನಾಳೆ ಅದೇ ಹೊತ್ತಿಗೆ ನಿಲ್ಸೋದು. ಮೂರು ಜನ ಡ್ರೈವರು ಪಾಳಿ ಮೇಲೆ ಓಡಿಸ್ತಾರೆ. ನಮ್ಮ ಬೆಂಗಳೂರು ಹುಡುಗ ಅರ್ಜುನ್ ಮೈನಿ 2019ರಲ್ಲಿ ಓಡಿಸಿದ್ದ."

"ಓ, ಬಾಂಬೆ ಲಾರಿಯೋರ ಥರ ಅನ್ನು," ಅಂದ ಸೀನ. "ಎಫ್ ಒನ್ ಎರಡು ಗಂಟೆ ಓಡುತ್ತೆ. ಅದಾದ್ಮೇಲೆ ಒಂದು ನಿಮಿಷ ಓಡಿದ್ರೂ ಮಸಾಲೆ ದೋಸೆ ನಂದು."

"ಇಪ್ಪತ್ನಾಲ್ಕೂ ಓಡದೇ ಇದ್ರೆ ನಂದು."

ನನ್ನನ್ನು ಅಂಪೈರ್ ಮಾಡಿದರು. ಯಾರು ಸೋತರೂ ಅಂಪೈರಿಗೆ ಒಂದು ದೋಸೆ ಎಂಬ ಷರತ್ತಿನ ಮೇಲೆ ಒಪ್ಪಿದೆ.

ಗಿರೀಶ ವಾದ ಮಂಡಿಸಿದ. 80ರ ದಶಕದ ಟರ್ಬೊ ಕಾಲದಲ್ಲಿ ಕ್ವಾಲಿಫೈಯಿಂಗಿಗೆ, ಅಂದರೆ ರೇಸಿಗೆ ಮುಂಚೆ ಯಾರು ಮುಂದೆ ಯಾರು ಹಿಂದೆ ಅಂತ ಗೊತ್ತುಮಾಡುವ ಓಟಕ್ಕೆ ಅಂತಲೇ ಬೇರೆ ಎಂಜಿನ್ ಇರುತ್ತಿತ್ತಂತೆ. ನಾಲ್ಕು ಸುತ್ತು ಬಾಳಿದರೆ ಪುಣ್ಯ. ಈಗ ಹಾಗಲ್ಲ. 2025ರಲ್ಲಿ 24 ರೇಸು, ಒಬ್ಬ ಡ್ರೈವರಿಗೆ ನಾಲ್ಕೇ ಎಂಜಿನ್. ಐದನೆಯದು ಹಾಕಿದರೆ ಗ್ರಿಡ್‌ನಲ್ಲಿ, ಅಂದರೆ ರೇಸ್ ಹೊರಡುವ ಸಾಲಿನಲ್ಲಿ, ಹಿಂದಕ್ಕೆ ತಳ್ಳುತ್ತಾರೆ.

ನಾನು ಟಿಶ್ಯೂ ಮೇಲೆ ಲೆಕ್ಕ ಹಾಕಿದೆ. ಒಂದು ರೇಸಿಗೆ ಸುಮಾರು 305 ಕಿಲೋಮೀಟರ್. ಒಂದು ಎಂಜಿನ್ನಿಗೆ ಆರು ರೇಸು ಅಂದರೆ 1830. ಪ್ರಾಕ್ಟೀಸು ಬೇರೆ. "ಲೆ ಮಾನ್‌ನಲ್ಲಿ ಎಷ್ಟಾಗುತ್ತೆ?"

"2010ರಲ್ಲಿ ಆಡಿ ಗೆದ್ದಾಗ 397 ಸುತ್ತು, 5410 ಕಿಲೋಮೀಟರ್."

ಬೆಂಗಳೂರಿಂದ ದೆಹಲಿಗೆ ಹೋಗಿ, ವಾಪಸ್ ಬಂದು, ಕೀ ಆರಿಸದೆ ಮತ್ತೆ ನಾಗಪುರಕ್ಕೆ ಹೊರಟ ಹಾಗೆ. ಅದೂ ಒಂದೇ ದಿನದಲ್ಲಿ.

"ಅದು ಯಾವ ಎಂಜಿನ್ನು?" ಸೀನ ಕೇಳಿದ.

ಗಿರೀಶ ಸ್ವಲ್ಪ ತಡವರಿಸಿದ. "ಅದು... ಡೀಸೆಲ್."

ಸೀನ ಏನೂ ಮಾತಾಡಲಿಲ್ಲ. ಇನ್ನೊಂದು ಕಾಫಿ ಹೇಳಿದ, ಬೈಟು ಅಲ್ಲ, ಫುಲ್ಲು.

ಅಲ್ಲಿಂದ ಮುಂದೆ ಸೀನನದೇ ಪಾಟೀಸವಾಲು, ಗಿರೀಶನದು ಜವಾಬು. "ಬೆಳಗ್ಗೆ ಅದನ್ನ ಸ್ಟಾರ್ಟ್ ಮಾಡೋದು ಹೆಂಗೆ?"

"ಮೊದಲು ಬಿಸಿ ನೀರು, ಬಿಸಿ ಆಯಿಲ್ ಒಳಗೆ ಹಾಯಿಸ್ತಾರೆ. ಬಿಡಿಭಾಗಗಳು ಅಷ್ಟು ಬಿಗಿಯಾಗಿ ಕೂತಿರುತ್ತೆ."

"ಬಾಣಂತಿಗೆ ಎರೆದ ಹಾಗೆ ಎಣ್ಣೆನೀರು! ಸರಿ, ರೇಡಿಯೇಟರ್ ಫ್ಯಾನು?"

"ಫ್ಯಾನಿಲ್ಲ. ಓಡೋವಾಗ ಬರೋ ಗಾಳೀನೇ. ನಿಂತಾಗ ಹೊರಗಿಂದ ಬ್ಲೋವರ್ ಹಿಡೀತಾರೆ."

"ಹಂಗಾದ್ರೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ?"

ಲೆ ಮಾನ್‌ನಲ್ಲಿ ಸಿಲ್ಕ್ ಬೋರ್ಡ್ ಇಲ್ಲ ಅಂತ ಗಿರೀಶ ಎಷ್ಟು ಹೇಳಿದರೂ ಸೀನ ಕೇಳಲಿಲ್ಲ. ಸಿಲ್ಕ್ ಬೋರ್ಡ್ ದಾಟದ್ದು ಯಾವ ಸೀಮೆ ಎಂಡ್ಯೂರೆನ್ಸು ಅನ್ನುವುದು ಅವನ ಪಟ್ಟು. ಅಂಪೈರಾಗಿ ನಾನು ಇದನ್ನು ತಳ್ಳಿಹಾಕಬೇಕಿತ್ತು. ವಾರಕ್ಕೆ ಐದು ದಿನ ಆ ದಾರಿಯಲ್ಲೇ ಬೇಯುವವನಾಗಿ ಮನಸ್ಸು ಬರಲಿಲ್ಲ.

"ಪೆಟ್ರೋಲು?"

"110 ಕೆ.ಜಿ. ಹಾಕಿ ಕಳಿಸ್ತಿದ್ರು. 2010ರಿಂದ ರೇಸ್ ಮಧ್ಯೆ ತುಂಬಿಸೋ ಹಾಗಿಲ್ಲ."

"ಕೆ.ಜಿ. ಲೆಕ್ಕದಲ್ಲಿ ಕೊಡೋ ಬಂಕ್ ಯಾವುದೋ ಮಾರಾಯ?" ಲೀಟರಿಗೆ ಇಳಿಸಿದರೆ 145ರ ಮೇಲೆ. ಅಂದರೆ ಮೈಲೇಜು ಎರಡು! ಆ ಲೆಕ್ಕದಲ್ಲಿ ಲೆ ಮಾನ್ ಮುಗಿಸಲು 2600 ಲೀಟರಿನಷ್ಟು ಬೇಕು. ಸೀನ ಕಣ್ಣು ಮುಚ್ಚಿ ಒಂದು ಕ್ಷಣ ಮೌನ ಆಚರಿಸಿದ.

ಅವನಿಗೆ ನಿಜವಾಗಿ ಹಿಡಿಸಿದ್ದು ಹಲಗೆಯ ಕಥೆ. ಕಾರಿನ ಹೊಟ್ಟೆ ಕೆಳಗೆ 10 ಮಿಲಿಮೀಟರ್ ದಪ್ಪದ ಒಂದು ಹಲಗೆ ಇರುತ್ತದೆ, ಕಾರು ನೆಲಕ್ಕೆ ತೀರಾ ಅಂಟಿಕೊಂಡು ಓಡಬಾರದು ಅಂತ. ರೇಸ್ ಮುಗಿದಾಗ ಅದು ಸವೆದು 9ಕ್ಕಿಂತ ಕಡಿಮೆ ಉಳಿದಿದ್ದರೆ ಫಲಿತಾಂಶ ರದ್ದು. 2023ರ ಅಮೆರಿಕ ರೇಸಿನಲ್ಲಿ ಹ್ಯಾಮಿಲ್ಟನ್, ಲೆಕ್ಲೇರ್ ಇಬ್ಬರೂ ಇದಕ್ಕೇ ಅನರ್ಹರಾದರು.

"ಒಂದೇ ರೇಸಿಗೆ ಒಂದು ಮಿಲಿಮೀಟರ್ ಹೋಗುತ್ತಾ? ಹದಿನೆಂಟು ರೇಸಿನಷ್ಟು ದೂರ ಓಡಿದ್ರೆ ಹಲಗೆ ಹೋಗಿ, ನೆಲ ಹೋಗಿ, ಡ್ರೈವರ್ ಪಂಚೆಗೆ ಬರುತ್ತೆ," ಅಂದ ಸೀನ. "ನಮ್ಮ ಏರಿಯಾದ ಹಂಪ್ ಆದ್ರೆ ಗೇಟಿಂದ ಆಚೆ ಬರೋ ಅಷ್ಟರಲ್ಲೇ ಚನ್ನಪಟ್ಟಣದ ಬೊಂಬೆಗೂ ಮರ ಉಳಿಯಲ್ಲ."

ಹೆಡ್‌ಲೈಟ್ ಇಲ್ಲ ಅನ್ನುವುದನ್ನು ಗಿರೀಶ ತಾನೇ ಮೆತ್ತಗೆ ಒಪ್ಪಿಕೊಂಡ. ಸೀಟನ್ನು ಒಬ್ಬ ಡ್ರೈವರಿನ ಮೈ ಅಚ್ಚು ತೆಗೆದು ಮಾಡಿರುತ್ತಾರೆ, ಪಾಳಿ ಬದಲಿಸೋದು ಕಷ್ಟ ಅನ್ನುವುದನ್ನೂ. ಗಿರೀಶನ ಅಚ್ಚಿನ ಸೀಟಿನಲ್ಲಿ ನಾನು, ಸೀನ ಇಬ್ಬರೂ ಒಟ್ಟಿಗೆ ಹಿಡಿಯುತ್ತೇವೆ ಅನ್ನಬೇಕೆಂದಿದ್ದೆ. ಅವನ ಮುಖ ನೋಡಿ ಬಿಟ್ಟೆ.

ಆಗ ಗಿರೀಶ ತುರುಪು ಎಸೆದ. "ಕಾಸ್ವರ್ತ್ ಡಿ.ಎಫ್.ವಿ. ಅಂತ ಒಂದು ಎಂಜಿನ್. 1967ರಲ್ಲಿ ಎಫ್ ಒನ್‌ಗೇ ಅಂತ ಮಾಡಿದ್ದು, ಮೊದಲನೇ ರೇಸನ್ನೇ ಗೆದ್ದಿತ್ತು. ಅದೇ ಎಂಜಿನ್ 1975ರಲ್ಲಿ ಲೆ ಮಾನ್ ಗೆದ್ದಿದೆ. 1980ರಲ್ಲಿ ಮತ್ತೆ. ಈಗೇನಂತೀಯ?"

ಸೀನ ಲೋಟ ಕೆಳಗಿಟ್ಟ. ಗ್ಯಾರೇಜಿನವನು ಎಂಜಿನ್ನಿನ ಮುಂದೆ ಸುಳ್ಳು ಹೇಳುವುದಿಲ್ಲ. "ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸಿದ್ರಾ?"

"ಇಲ್ಲ, ಶಕ್ತಿ ಇಳಿಸಿದ್ರು. ಆರ್.ಪಿ.ಎಂ. ಕಮ್ಮಿ."

"ಅದಕ್ಕೆ ಓಡಿದೆ! ಹುಲಿಗೆ ಮೊಸರನ್ನ ಹಾಕಿ ಸಾಕಿ, ನೋಡಿ ನಮ್ಮ ಹುಲಿ ಎಷ್ಟು ಸಾಧು ಅಂದ ಹಾಗೆ."

ಗಿರೀಶ ಬಿಡಲಿಲ್ಲ. ಮರ್ಸಿಡಿಸ್‌ನವರು ಎಫ್ ಒನ್ ಎಂಜಿನ್ನನ್ನೇ ರಸ್ತೆ ಕಾರಿಗೆ ಹಾಕಿದ್ದಾರಲ್ಲ ಅಂದ. ಹೌದು, 2017ರಲ್ಲಿ ತೋರಿಸಿದ್ದು, ತಯಾರಿಕೆ ಶುರುವಾಗಿದ್ದು 2022ರಲ್ಲಿ. ಐಡ್ಲಿಂಗ್, ಅಂದರೆ ಗಾಡಿ ನಿಂತಾಗ ಎಂಜಿನ್ ತಿರುಗುವ ವೇಗ, ಇಳಿಸುವುದಕ್ಕೇ ಒದ್ದಾಡಿದರು, ಅಷ್ಟಾದರೂ 50,000 ಕಿಲೋಮೀಟರಿಗೆ ಎಂಜಿನ್ ಬಿಚ್ಚಬೇಕು. "ನನ್ನ ಟೆಂಪೋ ಗಿರಾಕಿಗಳು ಅಷ್ಟಕ್ಕೆ ಆಯಿಲ್ ಬದಲಾಯಿಸೋದೇ ಜ್ಞಾಪಕ ಇಟ್ಕೊಳಲ್ಲ," ಅಂದ ಸೀನ.

ನನಗೆ ಅನ್ನಿಸಿದ್ದು ಇಷ್ಟು: ಗಿರೀಶನ ಕಾರು 24 ಗಂಟೆ ಖಂಡಿತ ಓಡುತ್ತದೆ. ಅಷ್ಟರಲ್ಲಿ ಅದಕ್ಕೆ ಲೈಟು, ದಪ್ಪ ಬ್ರೇಕು, ಬೇರೆ ಸೀಟು, ಪೆಟ್ರೋಲ್ ಹಾಕುವ ಬಾಯಿ ಎಲ್ಲ ಕೂಡಿಸಿ, ಪವರ್ ಇಳಿಸಿ, ಅದು ಲೆ ಮಾನ್ ಕಾರೇ ಆಗಿಹೋಗಿರುತ್ತದೆ. ಅದಕ್ಕೆಂದೇ ಕಟ್ಟಿದ ಕಾರಿಗೂ ಭರವಸೆ ಇಲ್ಲವಲ್ಲ! 2016ರಲ್ಲಿ ಟೊಯೋಟಾ ಮುಂದೆ ಓಡುತ್ತಿತ್ತು. 23 ಗಂಟೆ 57 ನಿಮಿಷ ಹತ್ತಿರ ಚೆನ್ನಾಗಿ ಓಡಿ, ಕೊನೇ ಮೂರು ನಿಮಿಷ ಇದೆ ಅನ್ನುವಾಗ ಶಕ್ತಿ ಹೋಯಿತು. ಪೋರ್ಷೆ ಗೆದ್ದಿತು.

"ನೋಡು, ಅದಕ್ಕೇ ಆ ಊರಿಗೆ ಮಾನ್ ಅಂತ ಹೆಸರು," ಅಂದ ಸೀನ. "ಹೋಗೋದೇ ಅದು."

ತೀರ್ಪು ಕೊಡುವ ಮೊದಲೇ ಮಳೆ ಹನಿಯಿತು. ಸೀನ ತನ್ನ ಹಳೇ ಸ್ಕೂಟರನ್ನು ಎಡಕ್ಕೆ ವಾಲಿಸಿ, ನೆಟ್ಟಗೆ ನಿಲ್ಲಿಸಿ ಒದ್ದ. ನಾಲ್ಕನೇ ಒದೆಗೆ ಗಡಗಡ ಅಂತು. ಗಿರೀಶ ತನ್ನ ಹೊಸ ಎಲೆಕ್ಟ್ರಿಕ್ ಸ್ಕೂಟರಿನ ಪರದೆ ನೋಡಿ ಸುಮ್ಮನೆ ನಿಂತ. ರಾತ್ರಿ ಚಾರ್ಜಿಗೆ ಹಾಕಿದ್ದನಂತೆ, ಸ್ವಿಚ್ ಹಾಕಿರಲಿಲ್ಲವಂತೆ.

"ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ರೇಸ್‌ನಲ್ಲೂ ಮೊದಲ ನಾಲ್ಕು ಸೀಸನ್ ಬ್ಯಾಟರಿ ಸಾಲದೆ ಮಧ್ಯದಲ್ಲಿ ಕಾರೇ ಬದಲಾಯಿಸ್ತಿದ್ರು," ಅಂದ, ಯಾರೂ ಕೇಳದಿದ್ದರೂ.

"ಇನ್ನೊಂದು ಗಾಡಿ ತಂದಿದೀಯಾ?"

"ಇಲ್ಲ. ಹಿಂದಿಂದ ಕಾಲು ಕೊಟ್ಟು ತಳ್ಳೋ ಸೀನ. ಬನಶಂಕರಿ ತನಕ ಅಷ್ಟೇ."

ಸೀನ ಕ್ಲಚ್ ಹಿಡಿದು ಒಂದು ಕ್ಷಣ ನಿಂತ. "ಎಷ್ಟು ಗಂಟೆ ಓಡುತ್ತೆ ಎಫ್ ಒನ್ನು?"

ಮಳೆ ಜೋರಾಯಿತು. ಗಿರೀಶ ನನ್ನ ಕಡೆ ನೋಡಿದ, ನಾನು ಆಕಾಶ ನೋಡಿದೆ.

"ಎರಡು," ಅಂದ.

"ಹಾಂ, ಕಾಲು ಕೊಡ್ತೀನಿ ನಡಿ. ಅಂಪೈರಿಂದೂ ಸೇರಿ ಮೂರು ದೋಸೆ, ಮುಂದಿನ ಭಾನುವಾರ."